ಶಬ್ದ ಮುಂದೆ ಬರಬೇಕು

"ಇದರ ಹಾಗೇ ಇನ್ನೂ ಹನ್ನೆರಡು ಬೇಕಿತ್ತು. ಮಾಡಿ ಕೊಡ್ತೀರಾ?"

ನುಸೈಬಾಳ ಕೈ ನಿಂತಿತು. ಅವಳು ಬ್ಯಾಡ್ಮಿಂಟನ್ ರಾಕೆಟ್ಟಿಗೆ ಗಟ್ಟಿಂಗ್ ಹಾಕುತ್ತಿದ್ದಳು. ಬಿಗಿದು ಹಿಡಿದಿದ್ದ ದಾರ ಬೆರಳಿನಿಂದ ಜಾರಿ ಮುಂಗೈಗೆ ಬಡಿಯಿತು. ನೋವು ಗೊತ್ತೇ ಆಗಲಿಲ್ಲ.

ಆ ದನಿ...

ಕೌಂಟರಿನ ಆಚೆ ನಿಂತವನ ಮುಖವನ್ನು ಅವಳು ಯಾವತ್ತೂ ನೋಡಿರಲಿಲ್ಲ. ಆದರೆ ಆ ದನಿಯನ್ನು ಎರಡು ವರ್ಷಗಳಿಂದ ದಿನಾ ಬೆಳಿಗ್ಗೆ ಸುಬಹ್ ನಮಾಝ್ ಮುಗಿಸಿ ಕೇಳುತ್ತಿದ್ದಳು.

ಅವಳ ಫೋನಿನಲ್ಲಿ ಹದಿನಾಲ್ಕು ಸೆಕೆಂಡಿನ ಒಂದು ವೀಡಿಯೊ ಇತ್ತು. ಸೌದಿಯ ಜುಬೈಲ್‌ನ ಯಾವುದೋ ಖಾಲಿ ಜಾಗ. ರಬ್ಬರ್ ಕೊಳವೆಯ ಮೇಲೆ ಒಂದು ಬಿಳಿ ಚೆಂಡು. ಬೇಸ್‌ಬಾಲ್ ಬ್ಯಾಟ್ ಹಿಡಿದು ನಿಂತ ಅವಳ ಗಂಡ ಶಾಹುಲ್ ಎಡ ಹಿಮ್ಮಡಿಯನ್ನು ಒಂದಿಷ್ಟು ಎತ್ತಿ, ಚೆಂಡನ್ನು ಬಾರಿಸಿ ನಗುತ್ತಾನೆ. ಆಗ ಕ್ಯಾಮೆರಾದ ಹಿಂದಿನಿಂದ ಒಬ್ಬ ಹೇಳುತ್ತಾನೆ: "ಇನ್ನೊಂದು ಸಲ!"

ಅಲ್ಲಿಗೆ ಮುಗಿಯುತ್ತದೆ.

ಅದು ಬಂದ ಮೂರನೆಯ ವಾರಕ್ಕೆ ಶಾಹುಲ್ ಹೋದ. ಹೃದಯಾಘಾತ ಎಂದು ಕಂಪನಿಯವರು ಫೋನ್ ಮಾಡಿದರು. ಅಲ್ಲೇ ದಫನ ಮಾಡಿದರು. ಮದುವೆಯಾಗಿ ಹನ್ನೊಂದು ತಿಂಗಳಾಗಿತ್ತು. ಮುಖ ನೋಡಲಿಕ್ಕೂ ಸಿಗಲಿಲ್ಲ. ಅಳು ಬರಲಿಲ್ಲ. ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಮಾಡಿದ ಹುಡುಗಿ ಮಂಗಳೂರಿನ ಫಳ್ನೀರಿನಲ್ಲಿದ್ದ ತಂದೆಯ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಕೂತು ಗಟ್ಟಿಂಗ್ ಹಾಕತೊಡಗಿದಳು. ಇನ್ನೊಂದು ಮದುವೆಯ ಮಾತು ಬಂದಾಗೆಲ್ಲ ದಾರ ಇನ್ನಷ್ಟು ಬಿಗಿಯುತ್ತಿದ್ದಳು.

"ಆಗ್ತದಾ?" ಅವನು ಮತ್ತೆ ಕೇಳಿದ.

ಅವನು ಇಟ್ಟದ್ದು ಒಂದು ತೆಳ್ಳಗಿನ ಅಲ್ಯೂಮಿನಿಯಂ ಕೋಲು. ತೂತು ಕೊರೆದ ಕೇರಂ ಸ್ಟ್ರೈಕರ್ ಒಂದನ್ನು ಅದಕ್ಕೆ ಪೋಣಿಸಲಾಗಿತ್ತು. ಹಿಡಿಕೆಯ ಬಳಿ ಒಂದು ರಬ್ಬರ್ ಬಳೆ ಅದನ್ನು ತಡೆದು ಹಿಡಿದಿತ್ತು. ತುದಿಯಲ್ಲಿ ಮರದ ಬಿರಡೆ.

"ಎಂತದು ಇದು?" ಎಂದಳು.

"ಬ್ಯಾಟ್ ಬೀಸಲಿಕ್ಕೆ ಕಲಿಸುವ ಕೋಲು. ಬೀಸುವಾಗ ಈ ಬಿಲ್ಲೆ ಜಾರಿ ತುದಿಗೆ ಬಡೀತದೆ. ಕೈ ಅವಸರ ಮಾಡಿದ್ರೆ ಹೆಗಲ ಹಿಂದೆಯೇ ಟಕ್ ಅಂತದೆ. ಸರಿಯಾಗಿ ಬೀಸಿದ್ರೆ ಮುಂದೆ, ಚೆಂಡು ಸಿಗುವ ಜಾಗದಲ್ಲಿ. ಶಬ್ದ ಮುಂದೆ ಬರಬೇಕು."

ಅವನ ಹೆಸರು ಉಬೈದ್. ಪಣಂಬೂರಿನ ಒಂದು ಸರಕು ಸಾಗಣೆ ಕಚೇರಿಯಲ್ಲಿ ಕೆಲಸ. ಸಂಜೆ ಉರ್ವದ ಮೈದಾನದಲ್ಲಿ ಕಾಲೇಜು ಹುಡುಗಿಯರಿಗೆ ಬೇಸ್‌ಬಾಲ್ ಕಲಿಸುತ್ತಾನಂತೆ. ಅಷ್ಟನ್ನು ಅವಳ ತಂದೆ, ಉಪ್ಪ ಅಬ್ದುಲ್ ರಹ್ಮಾನ್ ಕೇಳಿ ತಿಳಿದುಕೊಂಡರು. ಈ ಊರಲ್ಲಿ ಕ್ರಿಕೆಟ್ ಆಡಲಿಕ್ಕೇ ಜಾಗ ಇಲ್ಲ ಮಾರಾಯ, ಬೇಸ್‌ಬಾಲ್ ಎಲ್ಲಿ ಆಡುವುದು ಎಂದು ನಕ್ಕರು ಕೂಡ.

ಜುಬೈಲ್‌ನಲ್ಲಿದ್ದಿರಾ? ಆ ಒಂದು ಪ್ರಶ್ನೆ ಅವಳ ಗಂಟಲಿನವರೆಗೆ ಬಂತು. ಕೇಳಲಿಲ್ಲ. ಅಲ್ಲ ಎಂದುಬಿಟ್ಟರೆ? ಹೌದು ಎಂದುಬಿಟ್ಟರೆ?

"ಶನಿವಾರ ಬನ್ನಿ," ಎಂದಳು.

ಅವನು ಹೋಗುವಾಗ ಒಂದು ಡಬ್ಬ ಶಟಲ್ ಕಾಕ್ ಕೊಂಡ. ಉಪ್ಪ ತಲೆ ಕೆರೆದುಕೊಂಡರು. ಈ ಜನ ಮೊದಲು ನೀನಿಲ್ಲದಾಗಲೂ ಮೂರು ಸಲ ಬಂದಿದ್ದ, ಆಗಲೂ ಶಟಲ್ಲೇ ಕೊಂಡದ್ದು ಎಂದರು.

*

ಶನಿವಾರ ಬಂದ. ಮುಂದಿನ ಶನಿವಾರವೂ ಬಂದ, ಹೋಗುವಾಗ ಪ್ರತಿ ಸಲ ಒಂದು ಡಬ್ಬ ಶಟಲ್ ಕೊಂಡ. ಮೊದಲ ಕೋಲಿನಲ್ಲಿ ಸ್ಟ್ರೈಕರ್ ಸಿಕ್ಕಿಕೊಳ್ಳುತ್ತಿತ್ತು. ಎರಡನೆಯದರಲ್ಲಿ ಸುಮ್ಮನೆ ಹಿಡಿದರೂ ಜಾರುತ್ತಿತ್ತು. ಅವಳು ತೂತನ್ನು ಅರದಿಂದ ಉಜ್ಜಿದಳು, ರಬ್ಬರ್ ಬದಲಿಸಿದಳು. ಅವನು ಅಂಗಡಿಯ ಹಿಂದಿನ ಓಣಿಯಲ್ಲಿ ಬೀಸಿ ನೋಡುತ್ತಿದ್ದ. ಅವಳು ಒಳಗೆ ಕೂತು, ಗೋಡೆಯಾಚೆಯಿಂದ ಬರುವ ಟಕ್ ಎಂಬ ಶಬ್ದಕ್ಕೆ ಕಿವಿ ಕೊಡುತ್ತಿದ್ದಳು.

ನಾಲ್ಕನೆಯ ವಾರ ಒಂದು ಸಂಗತಿ ನಡೆಯಿತು. ಬೆಳಿಗ್ಗೆ ಅವಳು ವೀಡಿಯೊ ನೋಡುವುದನ್ನೇ ಮರೆತಿದ್ದಳು! ನೆನಪಾದಾಗ ಮಧ್ಯಾಹ್ನ.

ನನಗೆ ಬೇಕಾದದ್ದು ಬರೀ ದನಿ, ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಅವನು ನಗುವಾಗ ಬಲಗಣ್ಣು ಸ್ವಲ್ಪ ಹೆಚ್ಚು ಕಿರಿದಾಗುವುದು ದನಿಯಲ್ಲಿ ಇರಲಿಲ್ಲವಲ್ಲ... ಅದು ಅವಳಿಗೆ ಹೇಗೆ ಗೊತ್ತಾಯಿತು?

ಹನ್ನೆರಡನೆಯ ಕೋಲು ಮುಗಿದ ದಿನ, ಏನಾದರೂ ಹೆಚ್ಚಿಗೆ ಮಾಡಿಕೊಡಬೇಕು ಅನಿಸಿತು. ಮಾದರಿಗೆಂದು ಅವನು ಬಿಟ್ಟುಹೋಗಿದ್ದ ಹಳೆಯ ಕೋಲಿನ ಗ್ರಿಪ್ ಬೆವರು ಹಿಡಿದು ಕಪ್ಪಾಗಿತ್ತು, ಅಂಚು ಎದ್ದಿತ್ತು. ಅದನ್ನು ಬ್ಲೇಡಿನಿಂದ ಸೀಳಿ ಕಿತ್ತು ಬುಟ್ಟಿಗೆ ಹಾಕಿದಳು. ನೀಲಿ ಬಣ್ಣದ ಹೊಸ ಗ್ರಿಪ್ ಆರಿಸಿ, ಎಲ್ಲೂ ಸುಕ್ಕಿಲ್ಲದ ಹಾಗೆ ಸುತ್ತಿದಳು.

ಶನಿವಾರ ಉಬೈದ್ ಅದನ್ನು ಕೈಗೆತ್ತಿಕೊಂಡ.

"ಹಳೆಯದು ಎಲ್ಲಿ?"

"ಎಂತ?"

"ಹಳೆ ಗ್ರಿಪ್. ಎಲ್ಲಿ ಉಂಟು?"

ಬಿಸಾಡಿದೆ ಎಂದಳು. ಅವನು ಕೌಂಟರಿನ ಒಳಗೇ ಬಂದುಬಿಟ್ಟ. ಮೊಣಕಾಲೂರಿ ಬುಟ್ಟಿಯನ್ನು ನೆಲಕ್ಕೆ ಮಗುಚಿ ದಾರದ ತುಂಡುಗಳನ್ನು ಎರಡೂ ಕೈಯಿಂದ ಕೆದಕಿದ. ಕಸದ ಗಾಡಿ ಬೆಳಿಗ್ಗೆಯೇ ಬಂದು ಹೋಗಿದೆ ಎಂದು ಅವಳು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ.

ಒಂದು ಕೊಳಕು ಗ್ರಿಪ್‌ಗೆ ಇಷ್ಟೆಲ್ಲ ಯಾಕೆ?

"ಅದು ಶಾಹುಲ್‌ನದ್ದು," ಎಂದ ಅವನು, ತಲೆ ಎತ್ತದೆ. "ಕೋಲು ಅವನೇ ಮಾಡಿದ್ದು. ಗ್ರಿಪ್ ಅವನೇ ಸುತ್ತಿದ್ದು."

ನುಸೈಬಾ ಕೌಂಟರ್ ಹಿಡಿದುಕೊಂಡಳು.

ತನ್ನ ಕೈಯಿಂದಲೇ! ಶಾಹುಲ್‌ನ ಅಂಗೈಯ ಬೆವರು ಭೂಮಿಯ ಮೇಲೆ ಅದೊಂದರಲ್ಲೇ ಉಳಿದಿತ್ತು. ಅದನ್ನು ತನ್ನ ಕೈಯಿಂದಲೇ ಸೀಳಿ...

"ಗೊತ್ತಿತ್ತಾ?" ಎಂದಳು. "ನಾನು ಯಾರು ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಈ ಕೋಲು ನಿಮಗೆ ಕೊಡಲಿಕ್ಕೇ ಬಂದದ್ದು. ಮೂರು ಸಲ ಬಂದೆ. ನಿಮ್ಮ ಉಪ್ಪನ ಮುಂದೆ ಬಾಯಿ ಬರಲಿಲ್ಲ. ಶಟಲ್ ತಗೊಂಡು ಹೋದೆ."

"ಹೇಳಬಹುದಿತ್ತಲ್ಲ. ನಾಲ್ಕು ವಾರ ಇತ್ತಲ್ಲ."

ಅವನು ಎದ್ದು ನಿಂತ. ಅಂಗೈಯಲ್ಲಿ ಕಸದ ಧೂಳು ಹಾಗೇ ಇತ್ತು.

"ಶಾಹುಲ್ ರೂಮಲ್ಲಿ ಹೋದದ್ದಲ್ಲ. ಕಂಪನಿಯವರು ನಿಮಗೆ ಹಾಗೆ ಹೇಳಿರಬಹುದು. ಮೈದಾನದಲ್ಲಿ ಹೋದದ್ದು. ಶುಕ್ರವಾರ, ಜುಮಾ ನಮಾಝ್ ಕಳೆದು, ಬಿಸಿಲಲ್ಲಿ. ಸಾಕು ಅಂತ ಬ್ಯಾಟ್ ಕೆಳಗಿಟ್ಟಿದ್ದ." ಅವನು ಧೂಳಿನ ಅಂಗೈ ಮಡಚಿದ. "ನಾನು ಇನ್ನೊಂದು ಸಲ ಅಂದೆ."

ಎರಡು ವರ್ಷ ಅವಳು ದಿನಾ ಕೇಳಿದ ಮಾತು. ಅವಳ ಬೆಳಗು ಶುರುವಾಗುತ್ತಿದ್ದ ಮಾತು!

"ಹೋಗಿ," ಎಂದಳು ಮೆಲ್ಲಗೆ.

ಅವನು ಹೋದ. ಹನ್ನೆರಡು ಕೋಲುಗಳನ್ನೂ, ಹಳೆಯದನ್ನೂ ಅಲ್ಲೇ ಬಿಟ್ಟು.

*

ಎರಡು ಶನಿವಾರ ಕಳೆದವು. ಅವಳು ವೀಡಿಯೊ ತೆರೆಯಲಿಲ್ಲ. ತೆರೆಯಲು ಆಗಲಿಲ್ಲ. ಈಗ ಅವಳ ಬಳಿ ಗಂಡನೂ ಇಲ್ಲ, ಹದಿನಾಲ್ಕು ಸೆಕೆಂಡೂ ಇಲ್ಲ, ಶನಿವಾರವೂ ಇಲ್ಲ. ಯಾವುದಕ್ಕಾಗಿ ಎದೆ ಇಷ್ಟು ಉರಿಯುತ್ತಿದೆ ಎಂದು ತನ್ನನ್ನೇ ಕೇಳಿಕೊಂಡಾಗ ಬಂದ ಉತ್ತರಕ್ಕೆ ಅವಳೇ ಬೆಚ್ಚಿದಳು.

ಉಪ್ಪ ಕೋಲುಗಳ ಕಟ್ಟನ್ನು ನೋಡಿ, ಆ ಹೆಣ್ಣುಮಕ್ಕಳು ಎಂತ ತಪ್ಪು ಮಾಡಿದ್ದಾರೆ, ಅವರಿಗೆ ಮುಂದಿನ ತಿಂಗಳು ಪಂದ್ಯ ಉಂಟಂತೆ ಎಂದಷ್ಟೇ ಹೇಳಿದರು. ಅವಳು ಕಟ್ಟನ್ನು ಸ್ಕೂಟರಿಗೆ ಬಿಗಿದು ಉರ್ವಕ್ಕೆ ಹೊರಟಳು. ಕೊಟ್ಟು ಬರುವುದು, ಅಷ್ಟೇ.

ಮೈದಾನದಲ್ಲಿ ಹುಡುಗಿಯರು ಬ್ಯಾಟ್ ಬೀಸುತ್ತಿದ್ದರು. ಉಬೈದ್ ದೂರದಲ್ಲಿ ಚೆಂಡು ಹೆಕ್ಕುತ್ತಿದ್ದ. ಕಟ್ಟು ಇಳಿಸಲು ಓಡಿ ಬಂದವಳ ಹೆಸರು ಆನ್ಸಿ, ತಂಡದ ನಾಯಕಿ. ಬಾಯಿ ಜೋರು.

"ಅಕ್ಕ, ನಮ್ಮ ಸರ್ ಕೋಚೇ ಅಲ್ಲ, ನರ್ಸ್," ಎಂದಳು. "ಹತ್ತು ಸಲ ಬೀಸಿದ್ರೆ ಸಾಕು, ನೀರು ಕುಡಿ, ನೆರಳಿಗೆ ಹೋಗು. ಬೇರೆ ಕೋಚ್‌ಗಳೆಲ್ಲ ಇನ್ನೊಂದು ಸಲ, ಇನ್ನೊಂದು ಸಲ ಅಂತ ಜೀವ ತಿಂತಾರೆ. ಇವರ ಬಾಯಲ್ಲಿ ಒಂದು ದಿನವೂ ಆ ಮಾತು ಕೇಳಿಲ್ಲ ನಾವು."

ನುಸೈಬಾಳ ಕಣ್ಣು ಬೀಸುತ್ತಿದ್ದ ಹುಡುಗಿಯ ಕಾಲಿನ ಮೇಲಿತ್ತು. ಎಡ ಹಿಮ್ಮಡಿ ಒಂದಿಷ್ಟು ಮೇಲೆದ್ದಿತು, ಇಳಿಯಿತು, ಬ್ಯಾಟ್ ತಿರುಗಿತು. ಪಕ್ಕದವಳದ್ದೂ ಹಾಗೆಯೇ. ಅದರಾಚೆಯವಳದ್ದೂ. ಹನ್ನೆರಡು ಹುಡುಗಿಯರು, ಹನ್ನೆರಡು ಹಿಮ್ಮಡಿ.

ಶಾಹುಲ್!

ಅವಳು ಅಲ್ಲೇ ಕಟ್ಟೆಯ ಮೇಲೆ ಕೂತಳು. ಎರಡು ವರ್ಷ ಬಾರದಿದ್ದ ಅಳು ಬಂತು. ಆನ್ಸಿ ಗಾಬರಿಯಾಗಿ ಸರ್ ಅವರನ್ನು ಕರೆದಳು.

ಉಬೈದ್ ಬಂದು ಎರಡು ಮಾರು ದೂರದಲ್ಲೇ ನಿಂತ. ಹುಡುಗಿಯರು ನೀರಿನ ಕ್ಯಾನಿನತ್ತ ಸರಿದರು.

"ಆ ಕಾಲು..." ಎಂದಳು ಅವಳು.

"ಅವನದ್ದು. ಅಷ್ಟು ಎತ್ತಲಿಕ್ಕಿಲ್ಲ, ತಪ್ಪು. ಅವನಿಗೆ ಎಷ್ಟು ಹೇಳಿದರೂ ಬಿಡಲಿಲ್ಲ. ನೋಡಿ ನೋಡಿ ನನ್ನ ಕಾಲಿಗೂ ಬಂತು. ನನ್ನಿಂದ ಇವರಿಗೆ. ತಿದ್ದಬೇಕಿತ್ತು, ಮನಸ್ಸು ಬರಲಿಲ್ಲ."

ನುಸೈಬಾ ಶಾಲಿನ ತುದಿಯಿಂದ ಮುಖ ಒರೆಸಿಕೊಂಡಳು.

"ನಿಮಗೆ ಒಂದು ಗೊತ್ತುಂಟಾ? ಹೊಟ್ಟೆ ತುಂಬಿದ ಮೇಲೆ ಅವರ ಬಟ್ಟಲಿಗೆ ನಾನು ಒಂದು ಚಮಚ ಅನ್ನ ಹಾಕಲಿಕ್ಕೆ ಆಗ್ತಿರಲಿಲ್ಲ. ಬೇಡ ಅಂದ್ರೆ ಬೇಡ. ಅವರ ಹೆತ್ತ ಉಮ್ಮ ಹೇಳಿದ್ರೂ ಇಲ್ಲ. ಅಂಥವರು ನೀವು ಹೇಳಿದಿರಿ ಅಂತ ಬ್ಯಾಟ್ ಎತ್ತಿದ್ದಲ್ಲ." ಅವಳು ಉಸಿರು ತೆಗೆದುಕೊಂಡಳು. "ಅವರಿಗೆ ಬೇಕಿತ್ತು. ಎತ್ತಿದರು."

ಉಬೈದ್ ಬೇರೆ ಕಡೆ ತಿರುಗಿದ. ಆ ಮಾತನ್ನು ಅವನಿಗೆ ಹೇಳಬಲ್ಲವಳು ಇಡೀ ಲೋಕದಲ್ಲಿ ಅವಳೊಬ್ಬಳೇ ಆಗಿದ್ದಳು.

ಅವಳು ಕಟ್ಟಿನಿಂದ ನೀಲಿ ಗ್ರಿಪ್ಪಿನ ಕೋಲನ್ನು ಎಳೆದುಕೊಂಡಳು. ಎದ್ದು ನಿಂತು ಬೀಸಿದಳು.

ಟಕ್. ಹೆಗಲ ಹಿಂದೆ.

"ಕೈ ಅವಸರ ಮಾಡ್ತಾ ಉಂಟು," ಎಂದ ಅವನು, ಕಣ್ಣೊರೆಸಿಕೊಳ್ಳುತ್ತ. "ಮೊದಲು ಸೊಂಟ ತಿರುಗಬೇಕು. ಕೈ ಆಮೇಲೆ."

ಮತ್ತೆ ಬೀಸಿದಳು. ಈ ಸಲ ಕಿವಿಯ ಪಕ್ಕದಲ್ಲಿ.

"ಸಾಕು. ನೀರು ಕುಡಿಯಿರಿ."

"ಅದಲ್ಲ. ಇನ್ನೊಂದು ಸಲ ಅನ್ನಿ."

"ನುಸೈಬಾ, ಬೇಡ. ನನ್ನಿಂದ ಆಗೋದಿಲ್ಲ."

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಕೋಲನ್ನು ಹೆಗಲಿಗೇರಿಸಿ ಕಾದಳು. ಅವಳಿಗೆ ಕಾಯುವುದು ಗೊತ್ತಿತ್ತು.

"ಇನ್ನೊಂದು ಸಲ," ಎಂದ ಉಬೈದ್. ದನಿ ಒಡೆದಿತ್ತು. ಆದರೂ ಅದೇ ದನಿ.

ಅವಳು ಬೀಸಿದಳು. ಶಬ್ದ ಮುಂದೆ ಬಂತು.

ಆಮೇಲೆ ಅವಳು ಕೋಲನ್ನು ಅವನ ಕೈಗೆ ಕೊಟ್ಟು ಕೇಳಿದಳು, "ಆ ಶಟಲ್ ಎಲ್ಲ ಎಂತ ಮಾಡಿದಿರಿ?"

"ಮನೆಯಲ್ಲಿ ಉಂಟು. ಎಂಟು ಡಬ್ಬ. ನನಗೆ ಬ್ಯಾಡ್ಮಿಂಟನ್ ಬರೋದಿಲ್ಲ."

"ಶನಿವಾರ ಅಂಗಡಿಗೆ ಬನ್ನಿ. ಉಪ್ಪ ಇರ್ತಾರೆ."

"ಎಂತ ತಗೊಳ್ಳಲಿ?"

"ಎಂತದೂ ತಗೊಳ್ಳೋದು ಬೇಡ," ಎಂದಳು ನುಸೈಬಾ. "ಈ ಸಲ ಉಪ್ಪನ ಹತ್ರ ಕೇಳಿ."