ಮೂವತ್ತೊಂದು ಕಥೆಗಳ ಕಟ್ಟು

ಮೇಜಿನ ಮೇಲೆ ಕಥೆಗಳ ಕಟ್ಟು ಇರಲಿಲ್ಲ.

ದಸರಾ ರಜೆ, ಗುರುವಾರ, ಬೆಳಿಗ್ಗೆ ಒಂಬತ್ತೂವರೆ. ಕಾಪುವಿನ ನಮ್ಮ ವಾಚನಾಲಯದಲ್ಲಿ ಹನ್ನೊಂದಕ್ಕೆ ಬಹುಮಾನ ವಿತರಣೆ. ಕಸದ ಬಗ್ಗೆ ಮಕ್ಕಳು ಕೈಯಲ್ಲಿ ಬರೆದ ಮೂವತ್ತೊಂದು ಕಥೆಗಳು. ಯಾವುದಕ್ಕೂ ಬೇರೆ ಪ್ರತಿ ಇಲ್ಲ. ಅಷ್ಟು ಬರೆಸಲು ಎರಡು ತಿಂಗಳು ಮಕ್ಕಳ ಬೆನ್ನು ಬಿದ್ದಿದ್ದೆ. ಇಪ್ಪತ್ತಾರು ವರ್ಷ ಪಾಠ ಮಾಡಿ ದಣಿದವಳಿಗೆ ಇದೆಲ್ಲ ಬೇಕಿತ್ತಾ?

ಇನ್ನಂಜೆಯ ಆಶ್ರಿತಾ, ಒಂಬತ್ತನೇ ತರಗತಿಯವಳು, ಬಾಗಿಲಲ್ಲೇ ನಿಂತುಬಿಟ್ಟಳು.

"ವಿನೋದಾ ಟೀಚರ್, ಇನ್ನು ನಾನು ಬರೆಯುವುದಿಲ್ಲ."

ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಕುಂಞಿ ಮೊಹಮ್ಮದರಿಗೆ ಫೋನ್ ಮಾಡಿದೆ. ಮಂಡಿ ನೋವೆಂದು ಗೊಣಗುತ್ತ ನಿಧಾನವಾಗಿ ಬಂದರು.

"ಎಂತ ಮಾಡುವುದು ಟೀಚರ್? ಬೆಳಿಗ್ಗೆಯೇ ಕಸದ ಗಾಡಿ. ಮೀನಿನ ಕಸದ ಬಾಲ್ದಿ ಖಾಲಿ ಮಾಡಿದರು, ಪೇಪರಿನ ಚೀಲ ವಾಪಸ್ ಕೊಟ್ಟರು. ಸಫಿಯಾ ನನಗೇ ಬೈದಳು."

ಸಫಿಯಾ ಅವರ ಹೆಂಡತಿ. ಮನೆಪುರಾಣ ಕೇಳುವ ತಾಳ್ಮೆ ನನಗಿರಲಿಲ್ಲ.

"ಬೀಗ ಒಡೆದಿಲ್ಲ. ಕೀಲಿ ಯಾರ ಹತ್ತಿರ ಉಂಟು?" ಎಂದು ಬಾಗಿಲು ನೋಡಿ ಅವರೇ ಕೇಳಿದರು.

"ನನ್ನಲ್ಲಿ ಒಂದು," ಎಂದೆ. "ಗುಡಿಸುವ ಕುಶಲಕ್ಕನಲ್ಲಿ ಒಂದು. ಸ್ಪರ್ಧೆ ನಡೆಸುವ ಯುವಕ ಮಂಡಲದ ಅಧ್ಯಕ್ಷರು, ಸುಂದರಣ್ಣ — ಅವರಲ್ಲಿ ಒಂದು."

ಸುಂದರಣ್ಣ ಮದುವೆ ಊಟದ ಕೇಟರಿಂಗ್ ಮಾಡುವವರು. ಬಹುಮಾನದ ಪುಸ್ತಕ ಇಡಲು ನಿನ್ನೆ ಸಂಜೆ ಬಂದಿದ್ದರು. ಈಗಲೂ ಅಲ್ಲೇ ಇದ್ದರು, ಕುಶಲಕ್ಕನೂ ಇದ್ದಳು.

"ದೇವರಾಣೆ ನಾನು ಮುಟ್ಟಿಲ್ಲ," ಎಂದಳು ಕುಶಲಕ್ಕ. "ಏಳು ಗಂಟೆಗೆ ಬರುವಾಗಲೇ ಮೇಜು ಖಾಲಿ."

"ಪಾಪ, ಬೈಯಬೇಡಿ," ಎಂದರು ಸುಂದರಣ್ಣ. "ರದ್ದಿ ಅಂತ ಗೇಟಿನ ಹತ್ತಿರ ಇಟ್ಟಿರಬೇಕು. ಗಾಡಿಯ ಹೆಂಗಸರು ಆ ಕಟ್ಟು ಹಾಕಿಕೊಂಡು ಹೋದದ್ದನ್ನು ನಾನೇ ನೋಡಿದೆ ಮಾರಾಯ್ರೇ!"

"ಇವತ್ತು ಬೆಳಿಗ್ಗೆ?" ಎಂದು ಕುಂಞಿ ಮೊಹಮ್ಮದರು ಕೇಳಿದರು.

"ಇವತ್ತೇ. ಕಣ್ಣಾರೆ!"

ಕುಶಲಕ್ಕ ಅಳತೊಡಗಿದಳು. ನನಗೂ ಅವಳ ಮೇಲೆಯೇ ಸಂಶಯ. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಕುಂಞಿ ಮೊಹಮ್ಮದರು ಹುಡುಗಿಯ ಕಡೆ ತಿರುಗಿದರು. "ನಿನ್ನ ಕಥೆ ಎಂತದ್ದು ಮಗಾ?"

"ನಮ್ಮ ಗದ್ದೆಯ ಬದಿಯಲ್ಲಿ ಮೂಟೆ ಬಿಸಾಡುವವರದ್ದು. ಮದುವೆ ಊಟದ ಎಲೆ, ಪ್ಲಾಸ್ಟಿಕ್ ಲೋಟ. ಹಸಿರು ಟರ್ಪಾಲಿನ ಪಿಕಪ್ ಬರ್ತದೆ. ಯಾರದ್ದಂತ ಗೊತ್ತಿಲ್ಲ. ಕಥೆಯನ್ನೂ ಹಾಗೇ ಮುಗಿಸಿದೆ."

ಅವರು ನಿಟ್ಟುಸಿರು ಬಿಟ್ಟು ಕುರ್ಚಿಯಲ್ಲಿ ಕುಳಿತರು.

"ಸುಂದರಣ್ಣ, ನಿಮ್ಮ ಪಿಕಪ್ಪಿನ ಕೀಲಿ ಕೊಡಿ."

"ಎಂತಕ್ಕೆ?"

"ಇವತ್ತು ಗುರುವಾರ, ಅಲ್ವಾ? ನಮ್ಮ ವಾರ್ಡಿನಲ್ಲಿ ಹಸಿ ಕಸ ದಿನಾ ತಕೊಳ್ತಾರೆ. ಪೇಪರು, ಪ್ಲಾಸ್ಟಿಕ್ಕು ಶನಿವಾರ ಮಾತ್ರ. ನನ್ನ ಪೇಪರಿನ ಚೀಲ ವಾಪಸ್ ಕೊಟ್ಟವರು ಇಲ್ಲಿಯ ಕಟ್ಟನ್ನು ಹಾಕಿಕೊಂಡರಾ? ಒಂದು ದಿನವಾದರೂ ಗಾಡಿಗೆ ಕಸ ಕೊಟ್ಟವರು ಈ ಸುಳ್ಳು ಹೇಳುವುದಿಲ್ಲ. ನೀವು ಕೊಡುವುದೇ ಇಲ್ಲ. ನಿಮ್ಮ ಕಸ ಇನ್ನಂಜೆಗೆ ಹೋಗ್ತದೆ."

ಸುಂದರಣ್ಣ ಕೀಲಿಯನ್ನು ಮೇಜಿನ ಮೇಲಿಟ್ಟರು. ಪಿಕಪ್ ಹೊರಗೇ ನಿಂತಿತ್ತು, ಟರ್ಪಾಲು ಹಸಿರು. ಸೀಟಿನ ಅಡಿಯಲ್ಲಿ ಕಟ್ಟು ಸಿಕ್ಕಿತು, ದಾರ ಬಿಚ್ಚಿ ಮತ್ತೆ ಕಟ್ಟಿದಂತಿತ್ತು.

"ನಿನ್ನೆ ಸುಮ್ಮನೆ ಬಿಚ್ಚಿ ಓದಿದೆ ಟೀಚರ್," ಎಂದರು ಕೊನೆಗೆ. "ಈ ಹುಡುಗಿಯ ಕಥೆ ಇವತ್ತು ವೇದಿಕೆಯಲ್ಲಿ ಓದಿದರೆ, ಹಸಿರು ಟರ್ಪಾಲು ಯಾರದ್ದಂತ ಊರಿಗೇ ಗೊತ್ತು, ನನ್ನ ಹೆಸರು ಹಾಳು. ಒಂದನ್ನೇ ತೆಗೆದರೆ ಗೊತ್ತಾಗ್ತದೆ ಅಂತ ಎಲ್ಲ ತಕೊಂಡೆ."

'ಕಣ್ಣಾರೆ ಕಂಡದ್ದನ್ನೇ ಬರೆಯಿರಿ ಮಕ್ಕಳೇ' ಎಂದು ಉದ್ಘಾಟನೆಯ ದಿನ ಭಾಷಣ ಬಿಗಿದವರು ಇವರೇ. ಸಿಟ್ಟು ಬರಬೇಕಿತ್ತು. ಬಂದದ್ದು ಬರೀ ಸುಸ್ತು. ಕುಶಲಕ್ಕನ ಕೈ ಹಿಡಿದು, ತಪ್ಪಾಯಿತು ಎಂದೆ.

ಆಶ್ರಿತಾ ಕಟ್ಟಿನಿಂದ ತನ್ನ ಹಾಳೆಗಳನ್ನು ಹುಡುಕಿ ತೆಗೆದು, ಕೊನೆಯ ಪುಟ ತಿರುಗಿಸಿದಳು.

"ಟೀಚರ್, ನಿಮ್ಮ ಪೆನ್ನು ಕೊಡ್ತೀರಾ? ಕಥೆ ಮುಗಿದಿರಲಿಲ್ಲ."