ಬೆನ್ನಿಗೆ ಹಚ್ಚದ ವಾರ್ನಿಶ್

ತಾಮ್ರದ ತಗಡನ್ನು ಅವಳು ಆಸಿಡ್ಡಿನ ತಟ್ಟೆಗೆ ಜಾರಿಸಿಯೇ ಬಿಟ್ಟಳು.

"ತಗಡಿನ ಬೆನ್ನಿಗೆ ಆಸಿಡ್ ತಡೆಯೋ ವಾರ್ನಿಶ್ ಹಚ್ಚಿದ್ಯೇನಮ್ಮಾ?" ಅಚ್ಚುಮನೆಯ ಮುದಿ ಮೇಸ್ತ್ರಿ ಹೊಸ್ತಿಲಾಚೆಯಿಂದಲೇ ಕೇಳಿದ.

"ಇಲ್ಲ. ಹತ್ತು ನಿಮಿಷಕ್ಕೆ ಬೆನ್ನೇನು ಕರಗಿಹೋಗುತ್ತಾ?"

"ಬೆಳಗ್ಗೆಯಿಂದ ಬಡ್ಕೊಂಡೆನಲ್ಲ! ಆ ಕಡೆ ಒಂದು ಮುಖ ಇದೆ. ಅದರ ಗೆರೆಗೆ ಮತ್ತೆ ಆಸಿಡ್ ಮುಟ್ಟಬಾರದು. ಅದು ಮಾಟದ ತಗಡು."

"ಮಾಟ ಅಷ್ಟು ಚೆನ್ನಾಗಿ ಗೊತ್ತಿದ್ರೆ ನಿಮ್ಮ ಪ್ರೆಸ್ಸಿನ ಕಿರುಗುಟ್ಟೋ ಚಕ್ರಕ್ಕೊಂದು ಮಂತ್ರ ಹಾಕಿ, ಮೇಸ್ತ್ರಿ."

ಅವನು ನಗಲಿಲ್ಲ. ಒಳಗೂ ಬರಲಿಲ್ಲ.

ಅಚ್ಚಿನ ಕೆಲಸ ಕಲಿಯಲು ಈ ಊರಿಗೆ ಬಂದು ಅವಳಿಗೆ ಮೂರು ವಾರ. ಮೇಸ್ತ್ರಿಯನ್ನು ಬಿಟ್ಟರೆ ಅವಳ ಹತ್ತಿರ ಮಾತಾಡುವವರಿರಲಿಲ್ಲ. ಇರುವ ಒಬ್ಬನೇ ತಮ್ಮ, ನಾಳೆ ಹೊಸ ಮನೆಗೆ ಹೋಗುವವನು, ಉಡುಗೊರೆಯಾಗಿ ಕೇಳಿದ್ದು ಅಕ್ಕನ ಚಿತ್ರ. ಅಚ್ಚುಮನೆಯ ಮೂಲೆಯಲ್ಲಿ ಸಿಕ್ಕ ಹಳೆಯ ತಗಡಿನ ಖಾಲಿ ಮಗ್ಗುಲಿಗೆ ಮೇಣ ಬಳಿದು, ಕನ್ನಡಿ ನೋಡಿಕೊಂಡು, ಸೂಜಿಯಿಂದ ತನ್ನ ಮುಖವನ್ನೇ ಕೊರೆದಿದ್ದಳು. ಮೇಣ ಹೋದ ಗೆರೆಗಳನ್ನು ಆಸಿಡ್ ತಿಂದು ಆಳ ಮಾಡಿದರೆ, ಶಾಯಿ ತುಂಬಿ ಕಾಗದಕ್ಕೆ ಅಚ್ಚೊತ್ತಬಹುದು.

ಕಿಟಕಿಯಿಲ್ಲದ ಕೋಣೆ. ಮೂಗಿನೊಳಗೆ ಸೂಜಿಯಾಡಿಸುವ ಹುಳಿ ವಾಸನೆ. ಗೆರೆಗಳ ಮೇಲೆ ಗುಳ್ಳೆ ಎದ್ದವು. ಹಕ್ಕಿಯ ಗರಿಯಿಂದ ಅವನ್ನು ಸವರತೊಡಗಿದಳು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಸ್ಪೀಕರ್ ಒತ್ತಿ ಸ್ಟೂಲಿನ ಮೇಲಿಟ್ಟಳು.

"ಅಕ್ಕಾ, ಮೂಗು ಸ್ವಲ್ಪ ಚಿಕ್ಕದಾಗಿ ಬರಿ. ಗೋಡೆ ಬಾಡಿಗೆ ಮನೇದು, ಅಷ್ಟು ಭಾರ ತಡೆಯಲ್ಲ."

"ನಿನ್ನ ಕಿವಿ ಹೊತ್ತುಕೊಂಡಿರೋ ಮನೆ ನನ್ನ ಮೂಗು ಹೊರಲ್ವಾ?"

ತಮ್ಮ ನಕ್ಕ. ತಟ್ಟೆಯ ತಳದಲ್ಲೇನೋ ಉಸಿರೆಳೆಯಿತು. ಗುಳ್ಳೆಗಳು ಈಗ ತಗಡಿನ ಕೆಳಗಿನಿಂದ, ಅಂಚು ಸುತ್ತಿ, ಮೇಲಕ್ಕೆ ಬರುತ್ತಿದ್ದವು. ಕೂದಲು ಸುಟ್ಟ ವಾಸನೆ. ನಗು ಅರ್ಧದಲ್ಲೇ ನಿಂತಿತು.

"ಹಲೋ? ಯಾರು ಮಾತಾಡ್ತಿರೋದು?"

"ತಮಾಷೆ ಸಾಕು ಕಣೋ."

"ಯಾರು ಬೇಕಿತ್ತು ನಿಮಗೆ?"

"ನಾನು ಕಣೋ, ಅಕ್ಕ!"

"ನನಗೆ ಅಕ್ಕ ಇಲ್ಲ ಮೇಡಂ. ರಾಂಗ್ ನಂಬರ್."

ಫೋನ್ ಸತ್ತಿತು. ಗುಳ್ಳೆ ಸಾಯಲಿಲ್ಲ. ಬರಿಗೈ ಹಾಕಿದಳು. ಬೆರಳು ಉರಿಯಿತು. ತಗಡು ಎತ್ತಿದಳು. ತಿರುಗಿಸಿದಳು. ಹಿಂದೆ ಒಬ್ಬ ಗಂಡಸಿನ ಮುಖ. ಗೆರೆಗಳು ಹಸಿ ಗಾಯದ ಹಾಗೆ ಬಾಯಿ ಬಿಟ್ಟಿದ್ದವು.

ಮೇಸ್ತ್ರಿ ಬಕೆಟ್ ತಂದು ಅವಳ ಕೈ ನೀರಿಗೆ ಅದ್ದಿದ.

"ನನ್ನಣ್ಣ," ಎಂದ, ತಗಡು ನೋಡದೆ. "ಸಿಟ್ಟಿಗೆ ಅವನ ಕೂದಲು ಮೇಣದಲ್ಲಿ ಕಲಸಿ ನಾನೇ ಬರೆದೆ. ಎಲ್ಲರೂ ಇವನನ್ನ ಮರೀಲಿ ಅಂತ ಮಂತ್ರ ಹಾಕಿದೆ. ಹೆತ್ತಮ್ಮನೇ ಅವನನ್ನ ಒಳಗೆ ಬಿಡಲಿಲ್ಲ. ಆಸಿಡ್ ಆ ಮುಖಾನ ಮತ್ತೆ ತಿಂದ್ರೆ, ಅದೇ ತಗಡಿನಲ್ಲಿರೋ ಇನ್ನೊಂದು ಮುಖದವರನ್ನೂ ಜನ ಮರೀತಾರೆ. ಮಂತ್ರ ಹಾಕಿದ ನನಗೊಬ್ಬನಿಗೆ ಮಾತ್ರ ನೆನಪು ಉಳಿಯುತ್ತೆ."

ಅವಳು ಮತ್ತೆ ಫೋನ್ ಒತ್ತಿದಳು. ತಮ್ಮ ತೆಗೆಯಲಿಲ್ಲ. ಇನ್ನೊಮ್ಮೆ. ನಂಬರನ್ನೇ ಬ್ಲಾಕ್ ಮಾಡಿದ್ದ.

"ಅಳಿಸೋಕಾಗಲ್ವಾ?"

"ಆಗಲ್ಲ. ಒಂದೇ ದಾರಿ ಇದೆ." ಮೇಸ್ತ್ರಿ ಸೂಜಿಯನ್ನು ಬಟ್ಟೆಯಲ್ಲಿ ಒರೆಸಿ ಅವಳ ಮುಂದೆ ಹಿಡಿದ. "ನಿನ್ನ ಮುಖದ ಪಕ್ಕ ಜಾಗ ಇದೆ. ನಿನ್ನ ತಮ್ಮನ್ನ ಬರೆದು ಮತ್ತೆ ಆಸಿಡ್ಡಿಗೆ ಹಾಕು. ಅವನನ್ನೂ ಹೆಂಡ್ತಿ, ಗೆಳೆಯರು, ಎಲ್ಲರೂ ಮರೀತಾರೆ. ಮರೆತುಹೋದವರಿಗೆ ಮರೆತುಹೋದವರ ಗುರುತು ಸಿಗುತ್ತೆ. ಅಕ್ಕಾ ಅಂತ ಹುಡುಕ್ಕೊಂಡು ಬರ್ತಾನೆ. ಅಣ್ಣನ ಪಕ್ಕ ನನ್ನ ಮುಖ ಬರ್ಕೊಂಡು, ಅವನ ಹಾಗೇ ಎಲ್ಲರಿಗೂ ಮರೆತುಹೋಗೋಕೆ ನನಗೆ ಧೈರ್ಯ ಬರಲಿಲ್ಲ. ಅವನು ಒಬ್ಬನೇ ಸತ್ತ. ನೀನು ಹಾಗೆ ಸಾಯಬೇಡ, ಮಗಳೇ. ತಗೋ."

ಅವಳು ಸೂಜಿ ಮುಟ್ಟಲಿಲ್ಲ.

"ಬೇಡ," ಎಂದಳು. "ನಾಳೆ ಹೊಸ ಮನೆಗೆ ಹೋಗೋನು, ಅವನನ್ನಾದ್ರೂ ಎಲ್ಲರೂ ನೆನಪಿಟ್ಕೊಳ್ಳಲಿ."