ಏಳು ಮುಚ್ಚಳದ ಪುಟ

ಆಫೀಸಿನ ಹಿಂದಿನ ಒಣ ಕಾರಂಜಿಯಲ್ಲಿದ್ದ ಕಲ್ಲಿನ ಮೀನಿನ ಬಾಯೊಳಗೆ ಅಳಿಯ ಮೊಣಕೈವರೆಗೂ ಕೈ ತೂರಿಸಿದ. ತಗಡಿನ ಡಬ್ಬಿ ಸಿಕ್ಕಿತು. ಹೊರಗೆಳೆದ. ದಾರ ಬಿಚ್ಚಿದ. ಮುಚ್ಚಳ ತೆಗೆದ.

ಖಾಲಿ!

ಮತ್ತೊಮ್ಮೆ ಕೈ ಹಾಕಿ ತಡಕಾಡಿದ. ಒಣಗಿದ ಎಲೆ, ಒಂದಿಷ್ಟು ಮಣ್ಣು, ಒಂದು ಸತ್ತ ಜೀರುಂಡೆ. ಹಿತ್ತಾಳೆಯ ಗಂಟೆ ಮಾತ್ರ ಇಲ್ಲ. ನಿನ್ನೆ ಮಧ್ಯಾಹ್ನ ಅತ್ತೆಯೂ ತಾನೂ ಸೇರಿ, ಯಾರೂ ನೋಡುತ್ತಿಲ್ಲವೆಂದು ನಾಲ್ಕು ದಿಕ್ಕಿಗೂ ಕತ್ತು ತಿರುಗಿಸಿ ಇಟ್ಟ ಗಂಟೆ! ಅಳಿಯ ಬಗ್ಗಿ ಮೀನಿನ ಬಾಯೊಳಗೆ ಇಣುಕಿದ.

ಅವನನ್ನು ಅಳಿಯ ಎನ್ನುತ್ತಿದ್ದುದು ಮನೆಯವರಷ್ಟೇ ಅಲ್ಲ. ವಾರಪತ್ರಿಕೆಯ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅವನು ಅಳಿಯನೇ. ಪತ್ರಿಕೆಗೆ ಒಗಟು ಕಟ್ಟುವ ಒಗಟಮ್ಮನ ಮಗಳನ್ನು ಮದುವೆಯಾದವನು, ಪತ್ರಿಕೆಯ ವೆಬ್ ಪುಟಗಳನ್ನು ಮಾಡುವ ಕೆಲಸಕ್ಕೆ ಸೇರಿದವನು. ವರ್ಷಕ್ಕೊಮ್ಮೆ ಮಕ್ಕಳಿಗಾಗಿ ಪತ್ರಿಕೆ ಒಂದು ಆಟ ನಡೆಸುತ್ತಿತ್ತು. ಏಳು ಒಗಟು ಬಿಡಿಸಿದರೆ ಗಂಟೆ ಅಡಗಿಸಿಟ್ಟ ಜಾಗ ಗೊತ್ತಾಗುತ್ತದೆ. ಹುಡುಕಿದ ಮಗು ಗಂಟೆ ಬಾರಿಸಿದರೆ ಆಟ ಮುಗಿಯಿತು. ಇಷ್ಟು ವರ್ಷ ಕಾಗದದಲ್ಲಿ ಅಚ್ಚಾಗುತ್ತಿದ್ದ ಆಟ ಈ ಸಲ ಮೊದಲ ಬಾರಿಗೆ ಅಳಿಯನ ಪುಟಕ್ಕೆ ಬಂದಿತ್ತು.

ಹತ್ತು ಗಂಟೆಗೆ ಆಟ ಶುರು. ಅವನು ಖಾಲಿ ಡಬ್ಬಿ ಹಿಡಿದು ಓಡಿ ಬರುವಷ್ಟರಲ್ಲಿ ಗೇಟಿನ ಹೊರಗೆ ಮಕ್ಕಳ ಗಲಾಟೆ ಜೋರಾಗಿತ್ತು.

*

ಸಂಪಾದಕರು ಡಬ್ಬಿಯನ್ನು ತಲೆಕೆಳಗು ಮಾಡಿ ನೋಡಿದರು.

"ಗಂಟೆ ಎಲ್ಲಿದೆ ಅಂತ ಯಾರಿಗೆ ಗೊತ್ತಿತ್ತು?"

"ಅತ್ತೆಗೆ… ನನಗೆ."

"ಮತ್ತೆ?"

"ಮತ್ತೆ ಯಾರಿಗೂ ಇಲ್ಲ ಸಾರ್."

"ಹಾಗಾದ್ರೆ ಅತ್ತೆ ಕದ್ದರೋ? ಅಳಿಯ ಕದ್ದನೋ?"

ಬಾಗಿಲಲ್ಲಿ ನಿಂತಿದ್ದ ಒಗಟಮ್ಮ ಒಳಗೆ ಬಂದರು. ಮೈಯಲ್ಲಿ ಮೂಳೆಗಿಂತ ಚುರುಕೇ ಹೆಚ್ಚಿದ್ದ ಹೆಂಗಸು. ತುರುಬಿನಲ್ಲಿ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿದ್ದರೂ ನೇರವಾಗಿ ಅಳಿಯನ ಚೀಲಕ್ಕೆ ಕೈ ಹಾಕಿ, ಅಡಿಯವರೆಗೂ ತಡಕಾಡಿ ಒಂದು ಪೆನ್ನು ತೆಗೆದುಕೊಂಡರು.

"ಡಬ್ಬಿಗೆ ದಾರ ಕಟ್ಟಿತ್ತಾ ಅಳಿಯಂದ್ರೇ?"

"ಕಟ್ಟಿತ್ತು ಅತ್ತೆ. ನೀಟಾಗಿ."

"ಅಂದ್ರೆ ಆಡ್ತಾ ಬಂದ ಮಕ್ಕಳ ಕೈಗೆ ಸಿಕ್ಕಿದ್ದಲ್ಲ. ಜಾಗ ಗೊತ್ತಿದ್ದೇ ಯಾರೋ ಹೋಗಿದ್ದಾರೆ. ಏಳೂ ಒಗಟು ಬಿಡಿಸಿಯಂತೂ ಅಲ್ಲ. ಐದನೇದರ ಉತ್ತರ ಇರೋ ಹಲಗೇನ ಇವತ್ತು ಗೇಟಿಗೆ ಹಾಕಬೇಕಿತ್ತು. ಅದಿನ್ನೂ ನನ್ನ ಚೀಲದಲ್ಲೇ ಇದೆ."

"ಅದೇ ನಾನೂ ಹೇಳ್ತಿರೋದು!" ಸಂಪಾದಕರು ಮೇಜು ಗುದ್ದಿದರು. "ಹತ್ತರೊಳಗೆ ಗಂಟೆ ಸಿಗದೇ ಹೋದ್ರೆ ಗೇಟಿನ ಹತ್ರ ನಿಂತು ಆಟ ರದ್ದು ಅಂತ ಕೂಗ್ತೀನಿ. ಯಾಕೆ ರದ್ದು, ಯಾರಿಂದ ರದ್ದು ಅನ್ನೋದನ್ನೂ ಅಷ್ಟೂ ಜನ ಅಪ್ಪ-ಅಮ್ಮಂದಿರ ಮುಂದೆ ಹೇಳ್ತೀನಿ. ಮತ್ತೆ ಅಳಿಯ ನಾಳೆಯಿಂದ ಈ ಮೆಟ್ಟಿಲು ಹತ್ತೋದು ಬೇಡ."

ಅಳಿಯ ಖಾಲಿ ಡಬ್ಬಿಯನ್ನೇ ದಿಟ್ಟಿಸಿದ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಮಕ್ಕಳ ಗಂಟೆ ಕದ್ದವನು ಎಂದು ಹೆಂಡತಿಯ ಎದುರು, ಊರಿನ ಎದುರು ತಿರುಗುವುದು ಹೇಗೆ?

"ನಿಮ್ಮ ಪುಟದಲ್ಲೂ ಜಾಗ ಬರೆದಿದೆಯಲ್ಲ?" ಒಗಟಮ್ಮ ಕೇಳಿದರು.

"ಇದೆ. ಆದ್ರೆ ಮುಚ್ಚಳದ ಕೆಳಗಿದೆ. ಮೊದಲನೇ ಒಗಟು ಮಾತ್ರ ಕಾಣುತ್ತೆ. ಉತ್ತರ ಸರಿ ಬರೆದ್ರೆ ಮುಂದಿನ ಮುಚ್ಚಳ ತೆರೆಯುತ್ತೆ. ಕೊನೇ ಮುಚ್ಚಳದ ಕೆಳಗೆ 'ಕಾರಂಜಿಯ ಮೀನಿನ ಬಾಯಿ' ಅಂತಿದೆ. ನಿನ್ನೆ ಸಾಯಂಕಾಲ ಪುಟದ ವಿಳಾಸ ಆಫೀಸಿನವರಿಗಷ್ಟೇ ಕಳಿಸಿದ್ದೆ, ಹೇಗೆ ಕಾಣುತ್ತೆ ನೋಡ್ಲಿ ಅಂತ."

"ಮುಚ್ಚಳ ಎತ್ತಿ ಇಣುಕೋಕೆ ಆಗಲ್ವಾ?"

"ಆ ವಿದ್ಯೆ ಗೊತ್ತಿರೋನು ಈ ಆಫೀಸಿನಲ್ಲಿ ನಾನೊಬ್ಬನೇ." ಹೇಳಿದ ಮೇಲೆ ಅವನೇ ನಾಲಿಗೆ ಕಚ್ಚಿಕೊಂಡ.

ಫೋನ್ ಎತ್ತುವ ಕೆಲಸದ ಫೋನಕ್ಕ ಮೆಲ್ಲಗೆ ಬಾಯಿ ಹಾಕಿದಳು. "ಹಳೇ ಬ್ರೌಸರ್‌ನಲ್ಲಿ ಪುಟಗಳು ಏನೇನೋ ಆಗುತ್ತವಂತಲ್ಲ? ಅದರಲ್ಲಿ ಏನಾದ್ರೂ…"

"ಛೆ ಛೆ!" ಅಳಿಯ ಸೆಟೆದು ನಿಂತ. ಅವನ ಹೆಮ್ಮೆಯ ಜಾಗಕ್ಕೇ ಪೆಟ್ಟು ಬಿದ್ದಿತ್ತು. "ಎಷ್ಟೋ ಮನೆಗಳಲ್ಲಿ ಇನ್ನೂ ಹಳೇ ಬ್ರೌಸರೇ ಇದೆ ಅಂತ ಸಂಪಾದಕರೇ ಎಚ್ಚರಿಸಿದ್ರು. ಅದಕ್ಕೇ ನನ್ನ ಕಂಪ್ಯೂಟರಿನಲ್ಲಿ ಹಳೇದು ಹೊಸದು ಎರಡನ್ನೂ ಹಾಕ್ಕೊಂಡು, ಪಕ್ಕ ಪಕ್ಕ ತೆರೆದು, ಒಂದೊಂದು ಮುಚ್ಚಳಾನೂ ನೋಡಿದ್ದೀನಿ. ಎರಡರಲ್ಲೂ ಭದ್ರ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಬೇಕಾದ್ರೆ ಆಣೆ ಮಾಡ್ತೀನಿ!"

"ಆಯ್ತಲ್ಲ ಮತ್ತೆ," ಎಂದರು ಸಂಪಾದಕರು. "ಹೊಸದರಲ್ಲೂ ಕಾಣಲ್ಲ, ಹಳೇದರಲ್ಲೂ ಕಾಣಲ್ಲ. ಉಳಿದವನು ನೀನೇ."

ಅಳಿಯ ಬೆಪ್ಪಾದ. ತಾನು ತೋಡಿದ ಗುಂಡಿಗೆ ತಾನೇ ಇಳಿದು ಮೇಲೆ ಮಣ್ಣೂ ಎಳೆದುಕೊಂಡಿದ್ದ.

ಒಗಟಮ್ಮ ಮಾತ್ರ ಹುಬ್ಬು ಗಂಟಿಕ್ಕಿದ್ದರು. "ಕೂದಲೆಳೆಯಷ್ಟೂ ಇಲ್ವಾ?" ಎಂದು ತಮ್ಮಷ್ಟಕ್ಕೇ ಗೊಣಗಿಕೊಂಡರು.

*

"ಎಲ್ಲರಿಗೂ ಒಂದೇ ಪ್ರಶ್ನೆ," ಎಂದರು ಒಗಟಮ್ಮ. "ನಿನ್ನೆ ಪುಟ ನೋಡಿದ್ರಾ? ಹೇಗಿತ್ತು? ಫೋನಕ್ಕ, ನೀನು ಹೇಳು."

"ನನ್ನ ಮೊಬೈಲಿನಲ್ಲಿ ನೋಡಿದೆ. ಚೆನ್ನಾಗಿತ್ತಮ್ಮ. ಆದ್ರೆ ಬರೀ ಬೋಳು. ಒಂದು ಒಗಟು, ಕೆಳಗೊಂದು ಖಾಲಿ ಚೌಕ."

"ಸಂಪಾದಕರೇ?"

"ನನ್ನನ್ನೂ ಕೇಳ್ತೀರಾ?"

"ಒಗಟಿಗೆ ದೊಡ್ಡವರು ಚಿಕ್ಕವರು ಅಂತಿರಲ್ಲ."

"ನನ್ನ ಮೇಜಿನ ಹೊಸ ಕಂಪ್ಯೂಟರಿನಲ್ಲಿ ನೋಡಿದೆ. ಒಂದೇ ಒಗಟು. ಅದನ್ನೂ ಬಿಡಿಸೋಕಾಗಲಿಲ್ಲ, ಮುಚ್ಚಿಟ್ಟೆ."

"ಕರಡಜ್ಜ, ನೀವು?"

ಮೂಲೆಯ ಮೇಜಿನಿಂದ ಕರಡಜ್ಜ ಕನ್ನಡಕ ಮೇಲೇರಿಸಿದರು. ಅಚ್ಚಿಗೆ ಹೋಗುವ ಪ್ರತಿ ಸಾಲಿನ ತಪ್ಪು ತಿದ್ದುವುದೇ ಅವರ ಕೆಲಸ. ಕಂಪ್ಯೂಟರ್ ಎಂದರೆ ಮೂಗು ಮುರಿಯುತ್ತಿದ್ದ ಅವರಿಗೆ, ಆಫೀಸಿನಲ್ಲಿ ಎಲ್ಲರೂ ಬಿಟ್ಟ ಒಂದು ಮುದಿ ಯಂತ್ರವನ್ನು ಕೊಟ್ಟು ಕೂರಿಸಿದ್ದರು.

"ನೋಡ್ದೆ ತಾಯಿ. ಯಾಕಾದ್ರೂ ನೋಡಿದ್ನೋ! ಮೌಸಿನ ಚಕ್ರ ತಿರುಗಿಸಿ ತಿರುಗಿಸಿ ಬೆರಳೇ ಸೋತುಹೋಯ್ತು. ಕಾಗದದಲ್ಲಾಗಿದ್ರೆ ಒಂದೇ ನೋಟಕ್ಕೆ ಸಿಕ್ತಿತ್ತು."

ಇಂಥ ಹೊತ್ತಿನಲ್ಲೂ ಎಲ್ಲರೂ ನಕ್ಕರು. ಅಜ್ಜನ ಈ ರಾಗ ಹೊಸದೇನಲ್ಲ. ಒಗಟಮ್ಮ ನಗಲಿಲ್ಲ. ತುರುಬಿನಿಂದ ಪೆನ್ಸಿಲ್ ಕಿತ್ತು ಅಂಗೈ ಮೇಲೆ ಏನೋ ಗೀಚಿಕೊಂಡರು.

"ಅಳಿಯಂದ್ರೇ, ನಿಮ್ಮ ಎರಡು ಬ್ರೌಸರ್ ನನಗೂ ತೋರಿಸಿ. ನಿನ್ನೆ ಹೇಗೆ ತೆಗೆದ್ರೋ ಹಾಗೇ. ಬೇಗ!"

ಅಳಿಯ ಕುರ್ಚಿ ಎಳೆದುಕೊಂಡ. ಹೊಸ ಬ್ರೌಸರ್ ಹೇಗೂ ತೆರೆದೇ ಇತ್ತು. ಹಳೆಯದರ ಗುರುತಿನ ಮೇಲೆ ಒತ್ತಿದ. ಇನ್ನೊಂದು ವಿಂಡೋ ತೆರೆಯಿತು. ಎಡಕ್ಕೊಂದು, ಬಲಕ್ಕೊಂದು ಹೊಂದಿಸಿ ಎರಡರಲ್ಲೂ ಪುಟ ತಂದ. ಎರಡರಲ್ಲೂ ಒಂದು ಒಗಟು, ಒಂದು ಖಾಲಿ ಚೌಕ.

"ನೋಡಿ. ನಾನು ಹೇಳಿದ ಹಾಗೇ ಇದೆ."

ಒಗಟಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಗೇಟಿನ ಕಡೆಯಿಂದ ಮಕ್ಕಳು ಚಪ್ಪಾಳೆ ತಟ್ಟಿ ಕರೆಯತೊಡಗಿದ್ದರು.

"ಪ್ರತಿ ವಾರ ಮಕ್ಕಳಿಗೆ ನಾನೇನು ಬರೆದು ಕೊಡ್ತೀನಿ?"

"ಪಕ್ಕ ಪಕ್ಕ ಎರಡು ಚಿತ್ರ. ವ್ಯತ್ಯಾಸ ಗುರುತಿಸಿ ಅಂತ."

"ಎಷ್ಟು ಹುಡುಕಿದ್ರೂ ಒಂದು ವ್ಯತ್ಯಾಸಾನೂ ಸಿಗದಿದ್ರೆ?"

"ಅಚ್ಚಿನವರು ಒಂದೇ ಚಿತ್ರಾನ ಎರಡು ಸಲ…" ಅಳಿಯನ ಮಾತು ಅಲ್ಲೇ ನಿಂತಿತು.

"ಪುಟ ಒಂದೇ ಥರ ಇರಲಿ, ಬೇಡ ಅನ್ನಲ್ಲ. ಸುತ್ತ ಇರೋ ಚೌಕಟ್ಟು ನೋಡಿ. ಅದೇ ಗುಂಡಿ, ಅದೇ ಬಣ್ಣ, ಅದೇ ಅಂಚು. ವರ್ಷಗಳ ಹಿಂದಿನ ಬ್ರೌಸರಿಗೂ ಇವತ್ತಿನ ಬ್ರೌಸರಿಗೂ ಮುಖ ಇಷ್ಟು ಹೋಲುತ್ತಾ?"

ಅಳಿಯನ ಕಿವಿ ಬಿಸಿಯಾಯಿತು. ಅವನಿಗೆ ಈಗ ಎಲ್ಲವೂ ಗೊತ್ತಾಗಿತ್ತು. ಹೇಳಿದರೆ ಕದ್ದವನಲ್ಲ ಎಂದಾಗುತ್ತದೆ, ಜೊತೆಗೆ ಕೆಲಸ ಬಾರದವನು ಎಂದೂ ಆಗುತ್ತದೆ. ಈಗಷ್ಟೇ ಆಣೆ ಮಾಡಲು ಹೊರಟ ಬಾಯಿ! ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ.

"ನಾನು ಹಳೇದರಲ್ಲಿ ನೋಡೇ ಇಲ್ಲ ಸಾರ್."

"ಏನಂದೆ?"

"ಒಂದೇ ಕಂಪ್ಯೂಟರಿನಲ್ಲಿ ಎರಡೂ ಇರಬೇಕಾದ್ರೆ ಎರಡಕ್ಕೂ ಬೇರೆ ಬೇರೆ ಪ್ರೊಫೈಲ್, ಅಂದ್ರೆ ತಮ್ಮ ತಮ್ಮ ಸಾಮಾನು ಇಟ್ಟುಕೊಳ್ಳೋ ಜಾಗ, ಮಾಡಿಕೊಡಬೇಕು. ಓರಗಿತ್ತಿಯರಿಗೆ ಬೇರೆ ಬೇರೆ ಅಡುಗೆಮನೆ ಕೊಟ್ಟ ಹಾಗೆ. ಅದನ್ನ ಮರೆತೆ. ಪ್ರೊಫೈಲ್ ಒಂದೇ ಇದ್ದು ಹೊಸದು ಮೊದಲೇ ತೆರೆದಿದ್ರೆ, ಹಳೇದರ ಬಾಗಿಲು ತಟ್ಟಿದ್ರೂ ಹೊಸದೇ ಬಂದು ತೆಗೆಯುತ್ತೆ. ನಾನು ನೋಡಿದ್ದು ಎರಡು ಸಲಾನೂ ಹೊಸದನ್ನೇ."

"ಹೊಸದನ್ನ ಪೂರ್ತಿ ಮುಚ್ಚಿ," ಎಂದರು ಒಗಟಮ್ಮ. "ಈಗ ಹಳೇದನ್ನ ತೆಗೀರಿ!"

ಹೊಸದರ ಎರಡೂ ವಿಂಡೋ ಮುಚ್ಚಿದ. ಹಳೆಯದರ ಗುರುತಿನ ಮೇಲೆ ಮತ್ತೆ ಒತ್ತಿದ. ಪರದೆ ಸ್ವಲ್ಪ ಹೊತ್ತು ತಿಣುಕಿತು. ಆಮೇಲೆ ಬೂದು ಬಣ್ಣದ, ದಪ್ಪ ಅಂಚಿನ, ಯಾವುದೋ ಕಾಲದ ವಿಂಡೋ ಎದ್ದು ನಿಂತಿತು. ಪುಟ ಇಳಿಯಿತು. ಇಳಿಯಿತು, ಇನ್ನೂ ಇಳಿಯಿತು. ಒಂದನೇ ಒಗಟು, ಎರಡನೇ ಒಗಟು, ಮೂರನೇದು… ಒಂದಕ್ಕೂ ಮುಚ್ಚಳವಿಲ್ಲ! ತಟ್ಟೆಯಲ್ಲಿ ಬಡಿಸಿಟ್ಟಂತೆ ಏಳೂ ಒಗಟುಗಳು, ಕಟ್ಟಕಡೆಗೆ ಕಾರಂಜಿಯ ಮೀನಿನ ಬಾಯಿ.

"ಅಯ್ಯಯ್ಯೋ!" ಫೋನಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ನನ್ನ ಮುಚ್ಚಳ ಹೊಸ ಕಾಲದ್ದು," ಎಂದ ಅಳಿಯ. "ಅದನ್ನ ಮುಚ್ಚಿಡಬೇಕು ಅಂತ ಹಳೇ ಬ್ರೌಸರಿಗೆ ಅರ್ಥವೇ ಆಗಲ್ಲ. ಎಲ್ಲಾನೂ ತೋರಿಸಿಬಿಡುತ್ತೆ."

"ಹಾಗಾದ್ರೆ ಯಾರು?" ಸಂಪಾದಕರು ಎದ್ದೇ ನಿಂತರು. "ಯಾರು ನೋಡಿದ್ದು?"

*

"ನೋಡಿದವರು ಆಗಲೇ ಹೇಳಿದ್ದಾರೆ," ಎಂದರು ಒಗಟಮ್ಮ. "ನಾವು ಕೇಳಿಸಿಕೊಂಡು ನಕ್ಕುಬಿಟ್ವಿ. ಫೋನಕ್ಕ ಏನಂದಳು? ಒಂದು ಒಗಟು, ಒಂದು ಚೌಕ. ನೀವೇನಂದ್ರಿ? ಒಂದೇ ಒಗಟು. ಅಂಗೈ ಅಗಲದ ಪುಟ. ಅದನ್ನ ನೋಡೋಕೆ ಚಕ್ರ ತಿರುಗಿಸೋ ಕೆಲಸ ಏನಿತ್ತು? ಬೆರಳು ಸೋಲೋವಷ್ಟು ಉದ್ದ ಪುಟ ಸಿಕ್ಕಿದ್ದು ಯಾರಿಗೆ?"

ಎಲ್ಲರ ಕಣ್ಣೂ ಮೂಲೆಯ ಮೇಜಿಗೆ ಹೋಯಿತು. ಆ ಮುದಿ ಯಂತ್ರದ ಪರದೆಯ ಮೇಲೆ, ಈಗಷ್ಟೇ ಕಂಡ ಅದೇ ಬೂದು ಬಣ್ಣದ ಚೌಕಟ್ಟು.

"ಕರಡಜ್ಜ," ಒಗಟಮ್ಮ ಮೆತ್ತಗೆ ಹೇಳಿದರು, "ಗಂಟೆ ನೀವೇ ತೆಗೆದದ್ದು."

ಅಜ್ಜನ ಮುಖ ಹುಳ್ಳಗಾಯಿತು. ಮೇಜಿನ ಕೆಳಗಿನಿಂದ ಊಟದ ಡಬ್ಬಿ ಎತ್ತಿ, ಅದರೊಳಗಿಂದ ಕರವಸ್ತ್ರದಲ್ಲಿ ನಾಲಿಗೆ ಬಿಗಿದು ಸುತ್ತಿದ್ದ ಗಂಟೆಯನ್ನು ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಒಗಟು ಒಂದೂ ನಾನು ನೋಡದೆ ಅಚ್ಚಿಗೆ ಹೋಗಿರಲಿಲ್ಲ ತಾಯಿ. ಈ ಸಲ ಯಾರೂ ತೋರಿಸಲಿಲ್ಲ. ನಿನ್ನೆ ಪುಟ ನೋಡಿದ್ರೆ ಎಲ್ಲಾ ಬಟ್ಟಾಬಯಲು! ಹೇಳೋಣ ಅಂತ ಇವನ ಮೇಜಿನ ಹತ್ರ ಬಂದು ನಿಂತೆ. 'ಆಮೇಲೆ ನೋಡೋಣ ಅಜ್ಜ' ಅಂದ, ತಲೆ ಕೂಡ ಎತ್ತಲಿಲ್ಲ. ಸಿಟ್ಟು ನೆತ್ತಿಗೇರ್ತು. ಆಟ ಒಂದ್ಸಲ ಕೆಡಲಿ, ಕಾಗದಕ್ಕೇ ವಾಪಸ್ ಬರ್ತಾರೆ ಅಂದ್ಕೊಂಡೆ."

"ಇವರ ತಲೆ ಮೇಲೆ ಕಳ್ಳತನ ಬಂತಲ್ಲ! ಆಗ ಯಾಕೆ ಬಾಯಿ ಬಿಡಲಿಲ್ಲ?" ಒಗಟಮ್ಮ ಕೇಳಿದರು.

ಅಜ್ಜ ತಲೆ ತಗ್ಗಿಸಿದರು.

ಅಳಿಯನಿಗೆ ಬೈಯಬೇಕೆನಿಸಿತು. ಆದರೆ ಆ 'ಆಮೇಲೆ ನೋಡೋಣ' ತನ್ನದೇ ಎಂಬುದು ನೆನಪಿತ್ತು. "ಗಂಟೇನ ಡಬ್ಬಿಗೆ ಹಾಕಿ ಮೀನಿನ ಬಾಯಲ್ಲಿ ಇಟ್ಟು ಬನ್ನಿ ಅಜ್ಜ," ಎಂದಷ್ಟೇ ಹೇಳಿದ. "ಹಿಂದಿನ ಬಾಗಿಲಿಂದ ಹೋಗಿ. ಬೇಗ ಬನ್ನಿ, ನಿಮ್ಮ ಯಂತ್ರ ಬೇಕು."

ಅವನ ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಮೊದಲನೆಯದನ್ನು ಬಿಟ್ಟು ಉಳಿದ ಒಗಟುಗಳನ್ನೂ ಜಾಗವನ್ನೂ ಪುಟದಿಂದಲೇ ಕಿತ್ತು ಬೇರೆ ಕಡೆ ಇಟ್ಟ, ಸರಿಯುತ್ತರ ಬಂದರೆ ಮಾತ್ರ ಒಂದೊಂದಾಗಿ ಬರುವಂತೆ. ಹಳೆಯದಕ್ಕೆ ಬೇರೆ ಪ್ರೊಫೈಲ್ ಮಾಡಿಕೊಟ್ಟ. ಎರಡು ಬ್ರೌಸರ್‌ಗಳೂ ಪಕ್ಕ ಪಕ್ಕ ನಿಂತವು. ಒಂದು ನುಣುಪು, ಒಂದು ಬೂದು. ಈ ಸಲ ನಿಜವಾಗಿಯೂ ಎರಡು. ಫೋನಕ್ಕ ಹಲಗೆ ಹಿಡಿದು ಗೇಟಿಗೆ ಓಡಿದಳು. ಅಜ್ಜ ಏದುಸಿರು ಬಿಡುತ್ತ ಬಂದು ಮೂಲೆಯಲ್ಲಿ ಕೂತರು.

"ಅಜ್ಜ, ಏನು ಕಾಣುತ್ತೆ?"

ಅಜ್ಜ ಮೌಸಿನ ಚಕ್ರ ತಿರುಗಿಸಿದರು, ಪುಟ ಕದಲಲಿಲ್ಲ.

"ಒಂದೇ ಒಗಟು." ಸ್ವಲ್ಪ ತಡೆದು ಅಜ್ಜ ಸೇರಿಸಿದರು, "ಎರಡನೇ ಸಾಲಿನಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ."

ಅಳಿಯ ತಕರಾರಿಲ್ಲದೆ ಅದನ್ನು ಹಾಕಿದ. ಸಂಪಾದಕರು ಅಜ್ಜನನ್ನು ದುರುಗುಟ್ಟಿ ನೋಡಿ, "ನಿಮ್ಮ ವಿಚಾರ ನಾಳೆ," ಎಂದರು. ಅಳಿಯನ ಬೆನ್ನು ತಟ್ಟಿ ಗೇಟು ತೆರೆಸಲು ಹೊರಟರು. ಹತ್ತು ಹೊಡೆಯಿತು. ಹೊರಗೆ ಮಕ್ಕಳ ಕೂಗು ಮುಗಿಲು ಮುಟ್ಟಿತು.

ಕೋಣೆಯಲ್ಲಿ ಅತ್ತೆ-ಅಳಿಯ ಇಬ್ಬರೇ ಕಿಟಕಿಯ ಬಳಿ ಉಳಿದರು.

"ಅತ್ತೆ, ನಾನೇ ಕದ್ದಿರಬಹುದು ಅಂತ ನಿಮಗೆ ಒಂದು ಗಳಿಗೆಯಾದ್ರೂ ಅನ್ನಿಸಲಿಲ್ಲ ಅಲ್ವಾ?"

"ಅನ್ನಿಸದೇ ಏನು? ಬಂದ ತಕ್ಷಣ ನಿಮ್ಮ ಚೀಲ ತಡಕಾಡಿದ್ದು ಪೆನ್ನಿಗೆ ಅಂದ್ಕೊಂಡ್ರಾ?"

ಅಳಿಯನಿಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಒಗಟಮ್ಮ ನಗಲಿಲ್ಲ. ಅಳಿಯನ ಚೀಲವನ್ನು ಎತ್ತಿ ಅವನ ಕೈಗೆ ಕೊಟ್ಟರು.

"ಗಂಟೆ ಇದರಲ್ಲಿ ಇಲ್ಲ ಅಂತ ಗೊತ್ತಾದಾಗ ನನಗೆ ಹೋದ ಜೀವ ಬಂತು ಕಣಪ್ಪ," ಎಂದರು.